ಪುಡಿ ಇನ್‌ಹೇಲರ್‌ಗೆ ನಿಮ್ಮ ಉಸಿರೇ ಪಂಪು
ರೋಟಾಹೇಲರ್‌ನಂಥ ಪುಡಿ ಇನ್‌ಹೇಲರ್‌ನಲ್ಲಿ ಔಷಧವನ್ನು ಹೊರತಳ್ಳುವ ಗ್ಯಾಸ್ ಇರುವುದಿಲ್ಲ. 1ರಿಂದ 5 ಮೈಕ್ರಾನ್‌ನ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಔಷಧದ ಕಣಗಳು ದಪ್ಪ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಣಗಳಿಗೆ ಅಂಟಿಕೊಂಡಿರುತ್ತವೆ. ಜೋರಾಗಿ ಎಳೆದರಷ್ಟೇ ಬಿಡಿಸಿಕೊಂಡು ಶ್ವಾಸಕೋಶಕ್ಕಿಳಿಯುತ್ತವೆ. ಮೆಲ್ಲಗೆ ಎಳೆದರೆ ಲ್ಯಾಕ್ಟೋಸ್ ಜೊತೆಗೇ ಗಂಟಲಲ್ಲಿ ಕೂತುಬಿಡುತ್ತವೆ. ಕ್ಯಾಪ್ಸೂಲ್ ಹಾಕಿ ಬುಡ ತಿರುಗಿಸಿ. ಮೊದಲು ಉಸಿರನ್ನು ಪೂರ್ತಿ ಹೊರಬಿಡಿ, ಆದರೆ ಇನ್‌ಹೇಲರ್ ಒಳಗೆ ಊದಬೇಡಿ, ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ತುಟಿ ಬಿಗಿಹಿಡಿದು ಒಂದೇ ದಮ್ಮಿಗೆ ಎಳೆದು, 10 ಸೆಕೆಂಡ್ ಉಸಿರು ಹಿಡಿಯಿರಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ. (ಮಾತ್ರೆಯೆಂದು ಕ್ಯಾಪ್ಸೂಲ್ ನುಂಗುವವರೂ ಇದ್ದಾರೆ!) ಔಷಧ ಸ್ಟೀರಾಯ್ಡ್ ಆಗಿದ್ದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರಬಹುದು.

ಒಂದು ವಿಪರ್ಯಾಸ ನೋಡಿ: ಉಸಿರು ಕಟ್ಟುವವರಿಂದಲೇ ಜೋರು ಉಸಿರು ಕೇಳುತ್ತದೆ ಇದು. ಅದಕ್ಕೇ ಪುಟ್ಟ ಮಕ್ಕಳಿಗೆ, ಉಬ್ಬಸ ತೀರಾ ಹೆಚ್ಚಾದವರಿಗೆ ಸ್ಪೇಸರ್ (ಸ್ಪ್ರೇ ತುಂಬಿಕೊಳ್ಳುವ ಕೊಳವೆಯಂಥ ಡಬ್ಬಿ) ಹಾಕಿದ ಸ್ಪ್ರೇ ಇನ್‌ಹೇಲರ್ ಅಥವಾ ನೆಬ್ಯುಲೈಸರ್ (ಔಷಧವನ್ನು ಮಂಜಾಗಿಸುವ ಯಂತ್ರ) ಕೊಡುವುದು.