ಕಾರ್ಡಿನಲ್ಲಿ ಓ, ಮೈಯಲ್ಲಿ ಬಿ

ಆಟಿ ತಿಂಗಳ ಮಳೆಗೆ ಅಂಗಳವಿಡೀ ಪಾಚಿ. ಅಪ್ಪಯ್ಯ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಉಡುಪಿಯ ಆಸ್ಪತ್ರೆಯಲ್ಲಿ ಮರುದಿನವೇ ಆಪರೇಷನ್. ಎರಡು ಬಾಟ್ಲಿ ಓ ಪಾಸಿಟಿವ್ ರಕ್ತಕ್ಕೆ ವ್ಯವಸ್ಥೆ ಮಾಡಿ ಅಂದರು. ನಂದೂ ಓ ಪಾಸಿಟಿವ್ವೇ ಅಲ್ಲವಾ ಎಂದು ಧೈರ್ಯದಿಂದ ಬ್ಲಡ್ ಬ್ಯಾಂಕಿಗೆ ಹೋದೆ. ಶಾಲೆಯ ಐಡಿ ಕಾರ್ಡಿನಲ್ಲಿ ಹಾಗೇ ಇತ್ತು, ಲೈಸೆನ್ಸಿಗೂ ಅದನ್ನೇ ಬರೆಸಿದ್ದೆ.

ಟೆಕ್ನೀಷಿಯನ್ ನನ್ನ ಬೆರಳು ಚುಚ್ಚಿ ಬಿಳಿ ಟೈಲಿನ ಮೇಲೆ ಮೂರು ಹನಿ ಇಟ್ಟರು. ಒಂದಕ್ಕೆ ಎ ಇದೆಯೇ ಎಂದು ನೋಡುವ ನೀಲಿ ದ್ರವ, ಇನ್ನೊಂದಕ್ಕೆ ಬಿ ನೋಡುವ ಹಳದಿ, ಮೂರನೆಯದಕ್ಕೆ ಪಾಸಿಟಿವ್ ಹೌದೋ ಅಲ್ಲವೋ ನೋಡುವ ಬಣ್ಣವಿಲ್ಲದ್ದು. ಕಡ್ಡಿಯಲ್ಲಿ ಕಲಸಿ ಟೈಲನ್ನು ಮೆಲ್ಲ ಓಲಾಡಿಸಿದರು. ನೀಲಿ ಬಿದ್ದ ಹನಿ ನಯವಾಗಿಯೇ ಉಳಿಯಿತು. ಉಳಿದೆರಡು ನೋಡುತ್ತಿದ್ದ ಹಾಗೇ ಒಡೆದ ಹಾಲಿನಂತೆ ತರಿತರಿಯಾದವು.

"ನಿಮ್ಮದು ಬಿ ಪಾಸಿಟಿವ್. ತಂದೆಗೆ ಆಗುವುದಿಲ್ಲ."

ಕೈಕಾಲು ತಣ್ಣಗಾಯಿತು. ಓ ಗುಂಪಿನವರ ರಕ್ತದಲ್ಲಿ ಎ, ಬಿ ಎರಡಕ್ಕೂ ವಿರೋಧಿ ಆಂಟಿಬಾಡಿ ಇರುತ್ತದೆ. ನನ್ನ ಕೆಂಪುಕಣ ಅವರ ಮೈಗೆ ಹೋಗಿದ್ದರೆ ಅಲ್ಲೇ ಒಡೆಯುತ್ತಿತ್ತು. ಕಿಡ್ನಿ ಕೆಡಬಹುದಿತ್ತು, ಜೀವವೇ ಹೋಗಬಹುದಿತ್ತು. ವಿಜ್ಞಾನಿ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿಂಗಡಿಸಿ ತೋರಿಸುವ ಮೊದಲು ಹೀಗೆ ಎಷ್ಟು ಜನ ಹೋಗಿರಬಹುದು!

"ಕಾರ್ಡ್ ನೋಡಿ ನಾವು ಯಾರಿಗೂ ಕೊಡುವುದಿಲ್ಲ" ಅಂದರು ಟೆಕ್ನೀಷಿಯನ್. "ಬ್ಯಾಗಿನದ್ದನ್ನು ಪುನಃ ಟೆಸ್ಟ್ ಮಾಡ್ತೇವೆ. ಮತ್ತೆ ಪೇಷಂಟಿನ ರಕ್ತದೊಟ್ಟಿಗೆ ಕ್ರಾಸ್ ಮ್ಯಾಚ್, ಅಂದರೆ ಎರಡೂ ಹೊಂದುತ್ತದಾ ಅಂತ ನೋಡ್ತೇವೆ."

ಅಮ್ಮನಿಗೆ ಫೋನ್ ಮಾಡಿದೆ. "ನಂದು ಬಿ ಅಲ್ದಾ ಮಗಾ, ನಿಂಗೆ ನಂದೇ ಬಂದದ್ದು" ಅಂದರು, ಬಲು ಸಹಜವಾಗಿ. ಅಪ್ಪಯ್ಯನಿಂದ ನನಗೆ ಬರಬಹುದಾದದ್ದು ಓ ಮಾತ್ರ. ಅಮ್ಮನ ಬಿ ಅದನ್ನು ಮರೆಮಾಡಿದೆ. ಹೆತ್ತ ಮಗನಾದರೂ ಅವರಿಗೆ ಒಂದು ಹನಿ ಕೊಡಲಾಗದ ಸಂಕಟವನ್ನು ಹೇಳಿ ಮುಗಿಸಲಾರೆ. ಬಿ ಬೇಕಾದವರು ಯಾರಾದರೂ ಇದ್ದಾರು ಎಂದು ಅಲ್ಲೇ 350 ಎಂ.ಎಲ್. ಕೊಟ್ಟು ಬಂದೆ. ಸೋದರತ್ತೆಯ ಮಗ ಓಡಿ ಬಂದು ಓ ಕೊಟ್ಟ. ಅಪ್ಪಯ್ಯನಿಗೆ ಬೇಕಾದ ಎರಡು ಬ್ಯಾಗ್ ಬ್ಯಾಂಕಿನ ಫ್ರಿಜ್ಜಿನಿಂದಲೇ ಸಿಕ್ಕಿತು. ಯಾರದ್ದೋ ರಕ್ತ, ಹೆಸರೂ ಗೊತ್ತಿಲ್ಲ.

ಆಪರೇಷನ್ ಆದ ಸಂಜೆ ಮೊದಲ ಬ್ಯಾಗ್ ಏರಿಸುವಾಗ ಇಬ್ಬರು ನರ್ಸ್‌ಗಳು ಬ್ಯಾಗಿನ ನಂಬರ್, ಅಪ್ಪಯ್ಯನ ಹೆಸರು, ಗುಂಪು ಎಲ್ಲವನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿದರು. ಮೊದಲ 15 ನಿಮಿಷ ಒಬ್ಬರು ಮಂಚದ ಪಕ್ಕದಿಂದ ಕದಲಲಿಲ್ಲ.

"ಚಳಿ ಆಗ್ತದಾ ಅಜ್ಜ? ಬೆನ್ನು ನೋವು?"

"ಇಲ್ಲಮ್ಮ" ಅಂದರು ಅಪ್ಪಯ್ಯ. ನಾನು ಆ ಕೊಳವೆಯಲ್ಲಿ ಬೀಳುತ್ತಿದ್ದ ಹನಿಗಳನ್ನೇ ಎಣಿಸುತ್ತಾ ಕೂತಿದ್ದೆ.