ಹೊಳಲ್ಕೆರೆಯ ತೋಟಕ್ಕೆ ದಾವಣಗೆರೆಯಲ್ಲಿ ಸ್ಟೇ ಸಿಗುತ್ತದೆಯೇ?

ದಾವಣಗೆರೆಯಲ್ಲಿ ವಕೀಲಿ ಮಾಡುವ ನನ್ನಂಥವರಿಗೆ ಈ ಕೋರಿಕೆ ಹೊಸದೇನಲ್ಲ: "ಸರ್, ಅಡಿಕೆ ತೋಟ ಹೊಳಲ್ಕೆರೆ ತಾಲ್ಲೂಕಿನಾಗೈತಿ, ಆದ್ರೆ ನಾನೂ ನಮ್ಮಣ್ಣನೂ ಇರೋದು ಇಲ್ಲೇ. ಇಲ್ಲೇ ಒಂದು ಸ್ಟೇ ತಗೊಂಡುಕೊಡ್ರಿ." 1997ರವರೆಗೆ ದಾವಣಗೆರೆಯು ಹೊಳಲ್ಕೆರೆ ಇರುವ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದರಿಂದ ಎರಡೂ ಕಡೆ ಜಮೀನುಳ್ಳ ಕುಟುಂಬಗಳು ಇಲ್ಲಿ ಸಾಕಷ್ಟಿವೆ, ಹೀಗಾಗಿ ಈ ಕೋರಿಕೆಯೂ ಸಹಜವೇ.

ಕಕ್ಷಿದಾರರು ಸ್ಟೇ ಎನ್ನುವ ತಾತ್ಕಾಲಿಕ ತಡೆಯಾಜ್ಞೆಯನ್ನು ಯಾವಾಗ ಕೊಡಬಹುದು ಎಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 ಹೇಳುತ್ತದೆ. ಯಾವ ನ್ಯಾಯಾಲಯ ಕೊಡಬಹುದು ಎಂಬುದಕ್ಕೆ ಮಾತ್ರ ಅದೇ ಸಂಹಿತೆಯ ಕಲಂ 16ಕ್ಕೇ ಹೋಗಬೇಕು. ಸ್ಥಿರಾಸ್ತಿಯ ಹಕ್ಕಿಗೆ ಸಂಬಂಧಿಸಿದ ದಾವೆಯನ್ನು ಆ ಆಸ್ತಿ ಇರುವ ಪ್ರದೇಶದ ನ್ಯಾಯಾಲಯದಲ್ಲೇ ಹೂಡಬೇಕು ಎನ್ನುತ್ತದೆ ಆ ಕಲಂ. ಇದಕ್ಕೊಂದು ಪರಂತುಕವೂ, ಅಂದರೆ ಷರತ್ತಿನ ವಿನಾಯಿತಿಯೂ, ಇದೆ: ಪ್ರತಿವಾದಿಯ ವಶದಲ್ಲಿರುವ ಆಸ್ತಿಯ ವಿಷಯದಲ್ಲಿ, ಅವನು ಸ್ವತಃ ಆಜ್ಞೆ ಪಾಲಿಸಿದರೆ ಸಾಕು ಪರಿಹಾರ ಪೂರ್ತಿ ಸಿಗುತ್ತದೆ ಎನ್ನುವಂತಿದ್ದರೆ, ಅವನು ವಾಸಿಸುವ ಊರಿನಲ್ಲಿಯೂ ದಾವೆ ಹೂಡಬಹುದು.

ಪ್ರತಿವಾದಿಯಾಗುವ ಅಣ್ಣ ದಾವಣಗೆರೆಯಲ್ಲೇ ಇರುವುದರಿಂದ ಈ ಪರಂತುಕ ನಮಗೆ ಅನುಕೂಲವೆಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ವಾದಪತ್ರದಲ್ಲಿ ನಾವೇ ಬರೆಯುವುದೇನು? ಷೆಡ್ಯೂಲ್ ಆಸ್ತಿಯು (ಅಂದರೆ ದಾವೆಯಲ್ಲಿರುವ ಆ ತೋಟವು) ವಾದಿಯ ಸ್ವಾಧೀನಾನುಭವದಲ್ಲಿದೆ, ಪ್ರತಿವಾದಿಯು ಜೆಸಿಬಿ ತಂದು ಬದು ಕೆಡವಲು ಹೊರಟಿದ್ದಾನೆ ಎಂದು. ಸ್ವಾಧೀನ ನಮ್ಮದೆಂದ ಮೇಲೆ ಅದು ಪ್ರತಿವಾದಿಯ ವಶದಲ್ಲಿರುವ ಆಸ್ತಿಯಲ್ಲ. ಅವನದೆಂದು ಒಪ್ಪಿಕೊಂಡರೆ ತಡೆಯಾಜ್ಞೆಯ ಬುಡವೇ ಸಡಿಲವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಸ್ವಾಧೀನ ಕಾಪಾಡಿಕೊಳ್ಳಲು ಹೂಡುವ ದಾವೆಗೆ ಈ ಪರಂತುಕದಿಂದ ಏನೂ ಪ್ರಯೋಜನವಿಲ್ಲ. ಗುರ್‌ಗಾಂವ್‌ನ ನಿವೇಶನವೊಂದರ ಪ್ರಕರಣದಲ್ಲಿ, ಕರಾರು ಆದದ್ದು ದೆಹಲಿಯಲ್ಲಿ, ಪ್ರತಿವಾದಿಯ ಕಚೇರಿ ಇದ್ದದ್ದೂ ದೆಹಲಿಯಲ್ಲಿ, ದೆಹಲಿ ನ್ಯಾಯಾಲಯಕ್ಕೇ ಅಧಿಕಾರವೆಂದು ಕರಾರಿನಲ್ಲೇ ಬರೆದಿದ್ದರೂ, ದೆಹಲಿಯ ನ್ಯಾಯಾಲಯಕ್ಕೆ ಆ ದಾವೆ ನಡೆಸುವ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಮಾನಿಸಿತು.

ಇಷ್ಟಾದರೂ ದಾವಣಗೆರೆಯಲ್ಲೇ ದಾವೆ ಹೂಡಿ, ಪ್ರತಿವಾದಿಯ ಮಾತು ಕೇಳುವ ಮೊದಲೇ ಕೊಡುವ ಏಕಪಕ್ಷೀಯ ಆಜ್ಞೆಯೂ ಸಿಕ್ಕಿತೆಂದುಕೊಳ್ಳೋಣ. ಪ್ರತಿವಾದಿ ತಕರಾರು ಎತ್ತಿ ಅದು ಸ್ಥಿರಪಟ್ಟರೆ ಆದೇಶ 7, ನಿಯಮ 10ರಡಿ ವಾದಪತ್ರ ವಾಪಸು ಬರುತ್ತದೆ, ಅದರೊಂದಿಗೆ ಸ್ಟೇ ಕೂಡ ಹೋಗುತ್ತದೆ. ಅದನ್ನು ಹೊಳಲ್ಕೆರೆಯಲ್ಲಿ ಮತ್ತೆ ಹಾಜರುಪಡಿಸುವಷ್ಟರಲ್ಲಿ ಬದು ಉಳಿದಿರುತ್ತದೆಂಬ ಭರವಸೆಯಿಲ್ಲ. ಜಮೀನು ಆನಗೋಡು ಮತ್ತು ಭರಮಸಾಗರದ ನಡುವೆ ಜಿಲ್ಲೆಯ ಗಡಿಯ ಎರಡೂ ಬದಿಗೆ ಚಾಚಿಕೊಂಡಿದ್ದರೆ ಮಾತು ಬೇರೆ. ಕಲಂ 17ರ ಪ್ರಕಾರ ಯಾವ ಕಡೆ ಹೂಡಿದರೂ ನಡೆಯುತ್ತದೆ.

ಇನ್ನು ಹೊಳಲ್ಕೆರೆಯ ಆಜ್ಞೆ ದಾವಣಗೆರೆಯಲ್ಲಿರುವ ಅಣ್ಣನಿಗೆ ನಾಟುವುದಿಲ್ಲ ಎಂಬ ಅಂಜಿಕೆ ಕಕ್ಷಿದಾರರಲ್ಲಿ ಇದ್ದೇ ಇರುತ್ತದೆ. ಇದು ತಪ್ಪು ತಿಳಿವಳಿಕೆ. ಅಧಿಕಾರವುಳ್ಳ ನ್ಯಾಯಾಲಯ ಕೊಟ್ಟ ತಡೆಯಾಜ್ಞೆ ವ್ಯಕ್ತಿಯನ್ನು ಕಟ್ಟಿಹಾಕುತ್ತದೆ. ಅವನು ಯಾವ ಊರಿನಲ್ಲಿದ್ದರೂ ಅದನ್ನು ಪಾಲಿಸಲೇಬೇಕು. ಉಲ್ಲಂಘಿಸಿದರೆ ಆದೇಶ 39, ನಿಯಮ 2ಎ ಪ್ರಕಾರ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಬಂಧನವೂ ಆಗಬಹುದು. ಗಡಿ ಅಡ್ಡ ಬರುವುದು ಇಲ್ಲಿ, ಜಾರಿಯ ಹಂತದಲ್ಲಿ. ದಾವಣಗೆರೆಯ ಮನೆಯನ್ನು ಜಪ್ತಿ ಮಾಡಬೇಕಾದರೆ ಹೊಳಲ್ಕೆರೆಯ ಅಮೀನರು (ನ್ಯಾಯಾಲಯದ ಆಜ್ಞೆ ಜಾರಿ ಮಾಡುವ ಸಿಬ್ಬಂದಿ) ನೇರವಾಗಿ ಬಂದು ಬಾಗಿಲು ತಟ್ಟುವಂತಿಲ್ಲ. ಕಲಂ 136ರಂತೆ ವಾರಂಟಿನ ಪ್ರತಿ ಮತ್ತು ಖರ್ಚಿನ ಅಂದಾಜು ದಾವಣಗೆರೆಯ ಜಿಲ್ಲಾ ನ್ಯಾಯಾಲಯಕ್ಕೆ ಬಂದು, ಅಲ್ಲಿಂದ ಕೆಲಸವಾಗಬೇಕು. ಇದಕ್ಕೆ ಹಿಡಿಯುವ ಸಮಯವನ್ನು ಕಕ್ಷಿದಾರರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಣ್ಣ ತಾನೂ ದಾವಣಗೆರೆಯಲ್ಲಿ ಒಂದು ದಾವೆ ಹೂಡಿದರೆ ಅದನ್ನು ನಡೆಸದಂತೆ ಹೊಳಲ್ಕೆರೆಯಲ್ಲಿ ತಡೆಯಾಜ್ಞೆ ಕೇಳಲು ಬರುವುದಿಲ್ಲ. ತನಗೆ ಅಧೀನವಲ್ಲದ ನ್ಯಾಯಾಲಯದಲ್ಲಿನ ನಡವಳಿಯನ್ನು ಹೀಗೆ ತಡೆಯುವುದನ್ನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ಕಲಂ 41(ಬಿ) ನಿಷೇಧಿಸುತ್ತದೆ. ಎರಡೂ ದಾವೆಗಳಲ್ಲಿನ ವಿವಾದ ಒಂದೇ ಆಗಿದ್ದರೆ, ನಂತರ ಹೂಡಿದ ದಾವೆಯ ವಿಚಾರಣೆಯನ್ನು ನಿಲ್ಲಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 10ರಡಿ ದಾವಣಗೆರೆಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬೇಕು.