ಹೊಸಿಲಾಚೆ ಬೇರೆ ದೇಶ

ಬರ್ಲಿನ್‌ನಲ್ಲಿ ಇದ್ದದ್ದೇ ಮೂರು ದಿನ. ಅದರಲ್ಲಿ ಒಂದು ಬೆಳಗ್ಗೆ ಪೂರ್ತಿ ಬರ್ನಾವರ್ ಸ್ಟ್ರಾಸೆ ಅನ್ನೋ ಒಂದೇ ಬೀದಿಗೆ ಹೋಯಿತು.

ನೋರ್ಡ್‌ಬಾನ್‌ಹೋಫ್ ಸ್ಟೇಷನ್ನಿನಲ್ಲಿ ಇಳಿದೆ. ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಇದ್ದ ಕಾಲದಲ್ಲಿ ಇಲ್ಲಿ ಇಳಿಯುವ ಹಾಗೇ ಇರಲಿಲ್ಲ. ಪಶ್ಚಿಮದ ರೈಲುಗಳು ಪೂರ್ವ ಬರ್ಲಿನ್ನಿನ ನೆಲದಡಿ ಹಾದು ಹೋಗುತ್ತಿದ್ದವು, ನಿಲ್ಲುತ್ತಿರಲಿಲ್ಲ. ಮಬ್ಬು ಬೆಳಕಿನ ಪ್ಲಾಟ್‌ಫಾರಂ ಮೇಲೆ ಕಾವಲಿನವರು ಮಾತ್ರ. ಜನ ಇಂಥವನ್ನು ದೆವ್ವದ ಸ್ಟೇಷನ್ ಅನ್ನುತ್ತಿದ್ದರು.

ಯುದ್ಧ ಗೆದ್ದ ನಾಲ್ಕು ದೇಶಗಳು 1945ರಲ್ಲಿ ಈ ಊರನ್ನು ಹಂಚಿಕೊಂಡವು. ಆಮೇಲೆ ಅಮೆರಿಕಕ್ಕೂ ಸೋವಿಯತ್‌ಗೂ ಹಳಸಿತು. ಸೋವಿಯತ್ ಹಿಡಿತದ ಪೂರ್ವ ಜರ್ಮನಿಯಿಂದ 25 ಲಕ್ಷಕ್ಕೂ ಜಾಸ್ತಿ ಜನ ಪಶ್ಚಿಮಕ್ಕೆ ಹೋಗಿಬಿಟ್ಟರು. ಅದನ್ನು ತಡೆಯಲು 1961ರ ಆಗಸ್ಟ್ 13ರಂದು ಪೂರ್ವದವರು ಗಡಿಗೆ ಮುಳ್ಳುತಂತಿ ಹಾಕಿದರು. ಮುಂದೆ ಅದೇ ಗೋಡೆಯಾಯಿತು.

ಈ ಬೀದಿಯ ಪಾಡು ಬೇರೆ. ಒಂದು ಸಾಲಿನ ಮನೆಗಳು ಪೂರ್ವಕ್ಕೆ, ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. ಹೊಸಿಲು ದಾಟಿದರೆ ಬೇರೆ ದೇಶ! ಮೊದಲು ಬಾಗಿಲು ಮುಚ್ಚಿದರು, ಕೆಳಗಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿದರು. ಜನ ಮೇಲಿನ ಕಿಟಕಿಗಳಿಂದ ಹಾರತೊಡಗಿದರು. 48ನೇ ನಂಬರಿನ ಇಡಾ ಸೀಕ್‌ಮನ್ ಹಾಸಿಗೆ, ಹೊದಿಕೆ ಕೆಳಗೆ ಎಸೆದು, ಮೂರನೇ ಮಹಡಿಯಿಂದ ಹಾರಿದರು. ಉಳಿಯಲಿಲ್ಲ. ಅವತ್ತು ಆಗಸ್ಟ್ 22. ಮರುದಿನ ಅವರಿಗೆ 59 ತುಂಬುವುದಿತ್ತು. ಸೆಪ್ಟೆಂಬರ್‌ನಲ್ಲಿ 77ರ ಅಜ್ಜಿಯೊಬ್ಬರು ಕಿಟಕಿಯಿಂದ ಜೋತುಬಿದ್ದರು. ಮೇಲಿಂದ ಪೂರ್ವದವರು ಕೈ ಹಿಡಿದು ಎಳೆಯುತ್ತಿದ್ದಾರೆ, ಕೆಳಗಿಂದ ಪಶ್ಚಿಮದವರು ಕಾಲು ಹಿಡಿದು! ಕೊನೆಗೆ ಅಜ್ಜಿ ಕೆಳಗಿನ ಬಲೆಗೆ ಬಿದ್ದು ಉಳಿದರು. ಆ ಫೋಟೋ ನೋಡಿದ ಮೇಲೆ ನನಗೆ ಶೀತಲ ಸಮರ ಅಂದರೆ ಕ್ಷಿಪಣಿ ನೆನಪಾಗುವುದಿಲ್ಲ.

ಗಡಿಪಟ್ಟಿಯ ಮಧ್ಯೆ ಸಿಕ್ಕಿಹಾಕಿಕೊಂಡಿದ್ದ ಚರ್ಚನ್ನು 1985ರಲ್ಲಿ ಸ್ಫೋಟಿಸಿ ಕೆಡವಿದರು. ಅದರ ಹೆಸರು ಏನು ಗೊತ್ತಾ, 'ರಾಜಿ ಚರ್ಚ್'. ಈಗ ಅಲ್ಲೊಂದು ಪುಟ್ಟ ಪ್ರಾರ್ಥನಾಲಯ ಇದೆ. ನಮ್ಮ ಹಳ್ಳಿಮನೆಗಳ ಹಾಗೆ ಮಣ್ಣಿನ ಗೋಡೆ. ಹತ್ತಿರ ಹೋಗಿ ನೋಡಿದೆ. ಮಣ್ಣಿನೊಳಗೆ ಹಳೇ ಚರ್ಚಿನ ಇಟ್ಟಿಗೆ ಚೂರುಗಳು ಕೆಂಪಗೆ ಕಾಣುತ್ತಿದ್ದವು. ಬೆರಳಿಟ್ಟರೆ ಒರಟು. ಹೊರಗೆ ರೈ ಧಾನ್ಯದ ಹೊಲ, ತೆನೆ ಹಣ್ಣಾಗಿತ್ತು. ಒಂದು ಕಾಲಕ್ಕೆ ಅದೇ ಜಾಗದಲ್ಲಿ ಕಾಲಿಟ್ಟವರಿಗೆ ಗುಂಡು ಬೀಳುತ್ತಿತ್ತು.

ಗೋಡೆ ಇಲ್ಲದ ಕಡೆ ಅದರ ಗೆರೆಗುಂಟ ತುಕ್ಕುಬಣ್ಣದ ಕಬ್ಬಿಣದ ಸರಳುಗಳನ್ನು ನೆಟ್ಟಿದ್ದಾರೆ. ನಡುವೆ ಜಾಗ ಇದೆ. ಸುಮ್ನೆ ಒಮ್ಮೆ ಆಚೆ ಹೋದೆ, ಈಚೆ ಬಂದೆ. ಅಷ್ಟರಲ್ಲಿ ಟ್ರಾಮ್ ಬಂತು, ಓಡಿದೆ.